ಒಂದು ಮತದ ದೂರ

ಮೈಸೂರಿನಿಂದ ಊಟಿಯ ಕಡೆಗೆ ಹೊರಟ ಸಂಸಾರಗಳು ನಂಜನಗೂಡನ್ನು ದಾಟಿ, ಬೇಗೂರನ್ನು ದಾಟಿ, ಗುಂಡ್ಲುಪೇಟೆಯಲ್ಲಿ ಕಾಫಿಗೆಂದು ಇಳಿಯುವುದು ವಾಡಿಕೆ. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಕಾಡಿನ ಮೇಲೆಯೇ. ಹಂಗಳವನ್ನು ಕಳೆದು ಬಂಡೀಪುರದ ಗಡಿಯನ್ನು ಹೊಕ್ಕೊಡನೆ ಮಕ್ಕಳು ಕಿಟಕಿಗೆ ಮುಖವಿಟ್ಟು ಆನೆಯನ್ನು ಹುಡುಕುತ್ತಾರೆ; ಹಿರಿಯರು ನಾಲ್ಕು ಜಿಂಕೆಗಳನ್ನು ತೋರಿಸಿ ಕೊಟ್ಟ ಮಾತನ್ನು ಉಳಿಸಿಕೊಂಡೆವೆಂದು ಸಮಾಧಾನಪಡುತ್ತಾರೆ. ಹುಲಿಯ ವಿಷಯ ಬೇರೆ. ಅದು ತನಗೆ ಇಷ್ಟ ಬಂದವರಿಗೆ ಮಾತ್ರ ದರ್ಶನ ಕೊಡುವ ಪ್ರಾಣಿ.

ಈ ಸಡಗರದಲ್ಲಿ ದಾರಿಯುದ್ದಕ್ಕೂ ಗೋಡೆಗಳ ಮೇಲೆ, ಬಸ್ ತಂಗುದಾಣಗಳ ಬೆನ್ನಮೇಲೆ ಅರೆಬರೆ ಮಾಸಿ ಉಳಿದಿರುವ ಪಕ್ಷಗಳ ಚಿಹ್ನೆಗಳನ್ನು ಯಾರೂ ಗಮನಿಸುವುದಿಲ್ಲ. ಗಮನಿಸಬೇಕಾದ ಕಾರಣವೂ ಪ್ರವಾಸಿಗನಿಗಿಲ್ಲ. ಆದರೆ ಪ್ರಜಾಪ್ರಭುತ್ವದಲ್ಲಿ ರಾಜಕೀಯ ಪಕ್ಷವೆಂಬ ಪ್ರಾಣಿ ಎಲ್ಲಿ ವಾಸಿಸುತ್ತದೆ, ಯಾವ ಜಾಡಿನಲ್ಲಿ ಓಡಾಡುತ್ತದೆ, ಯಾವ ಋತುವಿನಲ್ಲಿ ಊರಿನ ಕಡೆಗೆ ಬರುತ್ತದೆ ಎಂಬುದನ್ನು ನೋಡಬೇಕೆನ್ನುವವರಿಗೆ ಈ ಚಾಮರಾಜನಗರ ಜಿಲ್ಲೆಗಿಂತ ಒಳ್ಳೆಯ ಕಾಡು ಕರ್ನಾಟಕದಲ್ಲಿ ಸಿಗುವುದು ಕಷ್ಟ.

ನಾಲ್ಕಾಣೆಯ ಸದಸ್ಯ

ಪಕ್ಷವೆಂದರೆ ಏನು? ಬಾವುಟವೇ, ಕಚೇರಿಯೇ, ನಾಯಕನೇ? 1920ರ ನಾಗಪುರದ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಕಾಂಗ್ರೆಸ್ಸಿಗೆ ಹೊಸ ಕಟ್ಟಳೆಯನ್ನು ಬರೆದಾಗ ಈ ಪ್ರಶ್ನೆಗೆ ಅತಿ ಸರಳವಾದ ಉತ್ತರವೊಂದು ದೊರೆಯಿತು. ವರ್ಷಕ್ಕೆ ನಾಲ್ಕಾಣೆ ಕೊಟ್ಟವನು ಸದಸ್ಯ. ಹಳ್ಳಿಗೊಂದು, ತಾಲ್ಲೂಕಿಗೊಂದು, ಜಿಲ್ಲೆಗೊಂದು ಸಮಿತಿ. ಅವುಗಳ ಮೇಲೆ ಭಾಷೆಗೊಂದು ಪ್ರಾಂತ ಸಮಿತಿ. ಕರ್ನಾಟಕವೆಂಬ ರಾಜ್ಯ ನಕಾಶೆಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಕರ್ನಾಟಕದ ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಹೀಗೆ. ಅದುವರೆಗೆ ವಕೀಲರೂ ಪತ್ರಕರ್ತರೂ ವರ್ಷಕ್ಕೊಮ್ಮೆ ಸೇರಿ ಠರಾವು ಮಾಡಿ ಚದರುತ್ತಿದ್ದ ಸಭೆಯು, ರಸೀದಿ ಪುಸ್ತಕವನ್ನು ಹಿಡಿದು ಬೀದಿಗಿಳಿಯಿತು. ಆ ರಸೀದಿಯನ್ನು ಹರಿದುಕೊಡಲಿಕ್ಕಾದರೂ ಯಾರೋ ಒಬ್ಬರು ಮನೆಯ ಬಾಗಿಲಿಗೆ ಹೋಗಲೇಬೇಕಾಗಿತ್ತು. ಪಕ್ಷದ ಪ್ರಾಣವಿದ್ದುದು ಆ ನಡಿಗೆಯಲ್ಲಿ.

ನಮ್ಮ ಈ ಮೂಲೆಗೆ ಆ ನಡಿಗೆ ಎರಡು ದಿಕ್ಕಿನಿಂದ ಬಂತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಮಹಾರಾಜರ ಸೀಮೆ; ಪಕ್ಕದ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಒಂದೇ ಮಾತು, ಒಂದೇ ಮಾದೇಶ್ವರನ ಪರಿಷೆ, ಆದರೆ ಎರಡು ಸರ್ಕಾರ. ಈ ತಾಲ್ಲೂಕುಗಳೆಲ್ಲ ಒಂದಾಗಿ ಜಿಲ್ಲೆಯೆನಿಸಿಕೊಂಡದ್ದು 1997ರಲ್ಲಿ.

1952ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಓದು ಬಾರದ ಹೆಂಗಸು ಕೂಡ ಎತ್ತನ್ನೂ ದೀಪವನ್ನೂ ಗುರುತಿಸಬಲ್ಲಳು. ಪಕ್ಷವೊಂದು ತನ್ನ ತತ್ತ್ವವನ್ನು ವಿವರಿಸಲು ಪುಟಗಟ್ಟಲೆ ಪ್ರಣಾಳಿಕೆ ಬರೆದರೂ ಮತದಾರನ ಮನಸ್ಸಿನಲ್ಲಿ ಉಳಿಯುತ್ತಿದ್ದುದು ಆ ಚಿತ್ರವೊಂದೇ. ಬೆರಳಿಗೆ ಹಚ್ಚುವ ಶಾಯಿ ಮಾತ್ರ 1962ರಿಂದ ಈಚೆಗೆ ನಮ್ಮ ಮೈಸೂರಿನದೇ. ಇಡೀ ಭಾರತದ ಎಡಗೈ ಬೆರಳಿಗೆ ಮಸಿ ಬಳಿದ ಕೀರ್ತಿ ನಮ್ಮ ನೆರೆಯ ನಗರಕ್ಕೆ ಸಲ್ಲಬೇಕು!

ಚಿಹ್ನೆ ಬದಲಾಯಿತು, ಮುಖ ಬದಲಾಗಲಿಲ್ಲ

ಚಿಹ್ನೆಗೆ ಇಷ್ಟು ಬಲವಿದ್ದರೆ ಮನುಷ್ಯನಿಗೇನು ಬೆಲೆ ಎಂದು ಕೇಳಬಹುದು. ಗುಂಡ್ಲುಪೇಟೆಯ ಮತದಾರರು ಇದಕ್ಕೆ ತಮ್ಮದೇ ಉತ್ತರವನ್ನು ಕೊಟ್ಟಿದ್ದಾರೆ.

ದೇಶದ ಎರಡನೆಯ ಮಹಾಚುನಾವಣೆಯಲ್ಲಿ, 1957ರಲ್ಲಿ, ಈ ಕಾಡಂಚಿನ ತಾಲ್ಲೂಕು ಒಬ್ಬ ಮಹಿಳೆಯನ್ನು ಶಾಸನಸಭೆಗೆ ಕಳುಹಿಸಿತು. ಕೆ. ಎಸ್. ನಾಗರತ್ನಮ್ಮನವರು ಅಲ್ಲಿಂದ ಮುಂದೆ 1989ರವರೆಗೆ ಒಟ್ಟು ಏಳು ಸಲ ಗೆದ್ದರು. 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ಆ ಪೀಠವನ್ನೇರಿದ ಮೊದಲನೆಯ ಮಹಿಳೆ ಅವರು. ಅವರ ಬಳಿಕ ಇನ್ನೊಬ್ಬ ಮಹಿಳೆ ಆ ಪೀಠದಲ್ಲಿ ಕುಳಿತಿಲ್ಲವೆಂಬುದನ್ನು ನೆನೆದರೆ, ಬೆಂಗಳೂರಿಗೆ ಹೊಳೆಯದ ಮಾತು ಗುಂಡ್ಲುಪೇಟೆಗೆ ಎಷ್ಟು ಹಿಂದೆ ಹೊಳೆದಿತ್ತೆಂದು ಆಶ್ಚರ್ಯವಾಗುತ್ತದೆ. ನಾಗರತ್ನಮ್ಮನವರು 1993ರಲ್ಲಿ ತೀರಿಕೊಂಡರು.

ಮರುವರ್ಷ ಎಚ್. ಎಸ್. ಮಹದೇವಪ್ರಸಾದ್ ಗೆದ್ದರು. ಇಲ್ಲಿಂದ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ. 1994ರಲ್ಲಿ ಅವರು ಜನತಾದಳ. 1999ರಲ್ಲಿ ಸಂಯುಕ್ತ ಜನತಾದಳ. 2004ರಲ್ಲಿ ಜಾತ್ಯತೀತ ಜನತಾದಳ. 2008 ಮತ್ತು 2013ರಲ್ಲಿ ಕಾಂಗ್ರೆಸ್. ಐದು ಚುನಾವಣೆ, ನಾಲ್ಕು ಪಕ್ಷ, ಒಬ್ಬನೇ ಶಾಸಕ. ಒಂದು ಸಲ ಚಕ್ರಕ್ಕೆ, ಒಂದು ಸಲ ಬಾಣಕ್ಕೆ, ಮತ್ತೊಮ್ಮೆ ತೆನೆ ಹೊತ್ತ ಮಹಿಳೆಗೆ, ಕೊನೆಗೆ ಕೈಗೆ ಎಂದು ಮತದಾರರು ಪ್ರತಿಸಲವೂ ಹೊಸ ಚಿತ್ರವನ್ನು ಹುಡುಕಿ ಮತ ಹಾಕಬೇಕಾಯಿತು. ತಪ್ಪದೆ ಹುಡುಕಿದರು. ರಾಜಧಾನಿಯಲ್ಲಿ ದಳಗಳು ಒಡೆದು ಕೂಡಿ ಮತ್ತೆ ಒಡೆಯುತ್ತಿದ್ದಾಗ, ಕ್ಷೇತ್ರದಲ್ಲಿ ಪಕ್ಷವೆಂದರೆ ಒಂದು ಮನೆಯ ಜಗಲಿ ಎಂಬಂತಾಗಿತ್ತು. ಆಸ್ಪತ್ರೆಗೆ ಚೀಟಿ, ಪಂಪಿಗೆ ಕರೆಂಟು, ಮಗನಿಗೆ ಸೀಟು, ಮದುವೆಗೆ ಬರುವ ಮಾತು, ಇವೆಲ್ಲ ಹೋಗಿ ಸೇರುವ ಜಗಲಿ. ಬೋರ್ಡು ಬದಲಾದರೂ ಜಗಲಿ ಬದಲಾಗುವುದಿಲ್ಲ.

2017ರ ಜನವರಿಯಲ್ಲಿ ಮಂತ್ರಿಯಾಗಿದ್ದಾಗಲೇ ಮಹದೇವಪ್ರಸಾದ್ ಅನಿರೀಕ್ಷಿತವಾಗಿ ತೀರಿಕೊಂಡರು. ಏಪ್ರಿಲ್ 9ರ ಉಪಚುನಾವಣೆಗೆ ಅವರ ಪತ್ನಿ ಗೀತಾ ಅವರೇ ಅಭ್ಯರ್ಥಿ. ಆ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಎದುರು ಪಾಳೆಯದ ಯಡಿಯೂರಪ್ಪನವರೂ ಗುಂಡ್ಲುಪೇಟೆ, ನಂಜನಗೂಡುಗಳಲ್ಲಿಯೇ ಬೀಡುಬಿಟ್ಟಂತಿದ್ದರು. ಗೀತಾ ಗೆದ್ದರು. ಮರುವರ್ಷದ ಮಹಾಚುನಾವಣೆಯಲ್ಲಿ ಅದೇ ಮತದಾರರು ಭಾರತೀಯ ಜನತಾ ಪಕ್ಷದ ಸಿ. ಎಸ್. ನಿರಂಜನಕುಮಾರರನ್ನು ಗೆಲ್ಲಿಸಿದರು. 2023ರಲ್ಲಿ ಮತ್ತೆ ಮಹದೇವಪ್ರಸಾದರ ಮಗ ಗಣೇಶಪ್ರಸಾದ್. ಅನುಕಂಪಕ್ಕೆ ಒಂದು ವರ್ಷದ ಆಯುಷ್ಯ, ಮನೆತನದ ಹೆಸರಿಗೆ ಅದಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕುವವರು ಹಾಕಬಹುದು.

1911ರಷ್ಟು ಹಿಂದೆಯೇ ರಾಬರ್ಟ್ ಮೈಕೆಲ್ಸ್ ಎಂಬ ಜರ್ಮನ್ ವಿದ್ವಾಂಸ ತನ್ನ ದೇಶದ ಸಮಾಜವಾದಿ ಪಕ್ಷವನ್ನು ಪರೀಕ್ಷಿಸಿ ಒಂದು ಕಹಿ ಮಾತನ್ನು ಹೇಳಿದ್ದ. ಸಮಾನತೆಗಾಗಿ ಹುಟ್ಟಿದ ಪಕ್ಷವೂ ದೊಡ್ಡದಾಗುತ್ತ ಹೋದಂತೆ ಕೆಲವರ ಕೈಗೆ ಸೇರಿಬಿಡುತ್ತದೆ. ಸಂಘಟನೆ ಎಂದ ಕೂಡಲೆ ಮೇಲಿನವರು, ಕೆಳಗಿನವರು ಹುಟ್ಟಿಕೊಳ್ಳುತ್ತಾರೆ ಎಂದು. ಆತ ನಮ್ಮ ಕಡೆಗೆ ಬಂದಿದ್ದರೆ ತಂದೆ, ಮಗ, ಸೊಸೆಯರ ಅಧ್ಯಾಯವೊಂದನ್ನು ಗ್ರಂಥಕ್ಕೆ ಸೇರಿಸುತ್ತಿದ್ದನೋ ಏನೋ.

ಚಾಮರಾಜನಗರ ಪಟ್ಟಣದ ರೀತಿಯೇ ಬೇರೆ. ಅದು ವಾಟಾಳ್ ನಾಗರಾಜರನ್ನು ಮೂರು ಸಲ ಶಾಸನಸಭೆಗೆ ಕಳುಹಿಸಿತು. ಅವರ ಪಕ್ಷದ ಹೆಸರಿನೊಳಗೇ ಅವರ ಹೆಸರಿದೆ. ಆದ್ದರಿಂದ ಅಧ್ಯಕ್ಷಸ್ಥಾನಕ್ಕೆ ಜಗಳವಾಗುವ ಸಂಭವ ಕಡಿಮೆ. ಇದೇ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿಗೆ ಕುರ್ಚಿ ಹೋಗುತ್ತದೆಂಬ ಅಂಜಿಕೆ ಬಹುಕಾಲ ಇತ್ತು. ಹೊಸ ಜಿಲ್ಲೆಯನ್ನು ಉದ್ಘಾಟಿಸಲು ಜೆ. ಎಚ್. ಪಟೇಲರು ಮಲೆ ಮಹದೇಶ್ವರ ಬೆಟ್ಟವನ್ನು ಆರಿಸಿಕೊಂಡುದು ಅದಕ್ಕಾಗಿಯೇ ಎಂದು ಜನ ಹೇಳುತ್ತಾರೆ. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಐದು ವರ್ಷ ಪೂರ್ತಿ ಆಳಿದರು. ಮತ ಕೇಳಲು ಬರುವವರು, ಗೆದ್ದಮೇಲೆ ಶಕುನ ನೋಡಿ ದೂರ ನಿಂತರೆ ಊರಿನವರು ಏನೆಂದುಕೊಳ್ಳಬೇಕು?

40,752 ಮತ್ತು 40,751

ಈಗ ಸಂತೆಮರಹಳ್ಳಿಯ ಮಾತಿಗೆ ಬರೋಣ. ಚಾಮರಾಜನಗರದಿಂದ ಯಳಂದೂರಿನ ಕಡೆಗೆ ಹೋಗುವಾಗ ಸಿಗುವ ಈ ಊರಿನ ಹೆಸರಿನಲ್ಲಿ 2008ರ ಕ್ಷೇತ್ರ ವಿಂಗಡಣೆಯವರೆಗೆ ಒಂದು ಮೀಸಲು ವಿಧಾನಸಭಾ ಕ್ಷೇತ್ರವಿತ್ತು. 2004ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ಆರ್. ಧ್ರುವನಾರಾಯಣ, ಜಾತ್ಯತೀತ ಜನತಾದಳದಿಂದ ಎ. ಆರ್. ಕೃಷ್ಣಮೂರ್ತಿ. ಕೃಷ್ಣಮೂರ್ತಿಯವರು ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಇಬ್ಬರಲ್ಲಿ ಯಾರೂ ಬಡವಾದ ಉಮೇದುವಾರರಲ್ಲ.

ಆ ವರ್ಷ ಮಹಾಚುನಾವಣೆಯು ದೇಶದಾದ್ಯಂತ ಯಂತ್ರದ ಮೂಲಕವೇ ನಡೆಯಿತು. ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ 40,752, ಕೃಷ್ಣಮೂರ್ತಿಯವರಿಗೆ 40,751.

ಓದುಗರು ಒಂದು ಗಳಿಗೆ ಈ ಅಂಕಿಗಳ ಮುಂದೆ ನಿಲ್ಲಬೇಕು. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಇಬ್ಬರ ಕಡೆಗೆ ಹಂಚಿಹೋಗಿ, ತಕ್ಕಡಿಯ ಮುಳ್ಳು ಒಂದು ಎಳ್ಳಿನಷ್ಟು ವಾಲಿದೆ. ಎಷ್ಟು ಸಭೆಗಳು, ಎಷ್ಟು ಜೀಪುಗಳು, ಎಷ್ಟು ಸಾವಿರ ಕರಪತ್ರಗಳು! ಇವೆಲ್ಲದರ ಕೊನೆಗೆ ಒಬ್ಬನೇ ಒಬ್ಬ ಮನುಷ್ಯ. ಅವನು ಯಾರು? ಜ್ವರವೆಂದು ಮಲಗಿದವನೇ, ಕೂಲಿಗೆಂದು ಕೇರಳಕ್ಕೆ ಹೋದವನೇ, ಸಾಲು ಉದ್ದವಾಗಿದೆಯೆಂದು ಮನೆಗೆ ಮರಳಿದವಳೇ? ಸೋತವರ ಕಾರಿನ ಚಾಲಕನೇ ಆ ದಿನ ಓಡಾಟದ ಅವಸರದಲ್ಲಿ ಮತ ಹಾಕದೆ ಉಳಿದನೆಂದು ಆಮೇಲೆ ಪತ್ರಿಕೆಗಳು ಬರೆದವು. ಅದೊಂದೇ ನಿಜವೆಂದು ಹಿಡಿಯಬೇಕಾಗಿಲ್ಲ. ಸೋಲು ಒಂದರಿಂದಲೇ ಆದಾಗ ಮತ ಹಾಕದೆ ಉಳಿದ ಪ್ರತಿಯೊಬ್ಬನೂ ಆ ಒಬ್ಬನಾಗಬಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ. ಪಿ. ಜೋಶಿಯವರು ಹೀಗೆಯೇ ಒಂದು ಮತದಿಂದ ಸೋತರು. ಆದರೆ ಈ ಅಪೂರ್ವ ಘಟನೆಗೆ ಮೊದಲು ಸಾಕ್ಷಿಯಾದುದು ನಮ್ಮ ಸಂತೆಮರಹಳ್ಳಿಯೇ.

ಧ್ರುವನಾರಾಯಣ ಮುಂದೆ 2009ರಲ್ಲಿಯೂ 2014ರಲ್ಲಿಯೂ ಚಾಮರಾಜನಗರದಿಂದ ಲೋಕಸಭೆಗೆ ಹೋದರು. 2019ರಲ್ಲಿ ಸೋತರು, 1,817 ಮತಗಳಿಂದ. ಲೋಕಸಭೆಯ ಕ್ಷೇತ್ರಕ್ಕೆ ಇದೂ ಕೂದಲೆಳೆಯೇ. ಅವರನ್ನು ಸೋಲಿಸಿದವರು ಇದೇ ಕ್ಷೇತ್ರದ ಹಳೆಯ ಹುಲಿ ವಿ. ಶ್ರೀನಿವಾಸಪ್ರಸಾದ್. ಒಂದು ಮತದ ರುಚಿಯನ್ನು ಕಂಡಿದ್ದ ಮನುಷ್ಯನಿಗೆ ಈ ಲೆಕ್ಕ ಹೊಸದಾಗಿರಲಾರದು. 2023ರ ಮಾರ್ಚಿನಲ್ಲಿ ಅವರು ತೀರಿಕೊಂಡರು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಕೊಳ್ಳೇಗಾಲದಿಂದ ಗೆದ್ದವರು ಯಾರೆಂದುಕೊಂಡಿರಿ? ಅದೇ ಕೃಷ್ಣಮೂರ್ತಿ, ಈಗ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ. ಅಂತರ ಐವತ್ತೊಂಬತ್ತು ಸಾವಿರಕ್ಕೂ ಮಿಗಿಲು. ಹತ್ತೊಂಬತ್ತು ವರ್ಷದ ಹಿಂದೆ ಅದರಲ್ಲಿ ಎರಡೇ ಎರಡನ್ನು ಕೊಟ್ಟಿದ್ದರೆ ಸಾಕಾಗಿತ್ತು!

ಹಾಳೆಗೊಬ್ಬ

ಆ ಒಬ್ಬ ಮತದಾರನನ್ನು ಹುಡುಕಿ ಮತಗಟ್ಟೆಗೆ ಕರೆತರುವುದು ಹೇಗೆ ಎಂಬುದೇ ಪಕ್ಷಗಳ ಇಡೀ ವಿದ್ಯೆ. ಇದರ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. 1998ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬಿಬ್ಬರು ಪ್ರಾಧ್ಯಾಪಕರು ನ್ಯೂ ಹೇವನ್ ಪಟ್ಟಣದ ಸುಮಾರು 30 ಸಾವಿರ ಮತದಾರರನ್ನು ಗುಂಪುಗುಂಪಾಗಿ ವಿಂಗಡಿಸಿದರು. ಕೆಲವರ ಮನೆಗೆ ಆಳು ಹೋಗಿ ಮಾತಾಡಿಸಿದ. ಕೆಲವರಿಗೆ ಅಂಚೆಯಲ್ಲಿ ಕಾಗದ ಹೋಯಿತು. ಕೆಲವರಿಗೆ ದೂರವಾಣಿಯ ಕರೆ. ಎದುರು ನಿಂತು ಮಾತಾಡಿಸಿದವರಲ್ಲಿ ಮತದಾನ ನೂರಕ್ಕೆ ಎಂಟೊಂಬತ್ತರಷ್ಟು ಏರಿತು. ಕಾಗದದ ಪರಿಣಾಮ ಅಲ್ಪ. ದೂರವಾಣಿಯಿಂದ ಏನೂ ಆಗಲಿಲ್ಲ. ಯಾವ ಹಳ್ಳಿಯ ಹಿರಿಯನನ್ನು ಕೇಳಿದ್ದರೂ ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದ. ಆದರೂ ಪ್ರಯೋಗದಿಂದ ತಿಳಿದುದಕ್ಕೆ ಒಂದು ತೂಕವಿದೆ.

ಭಾರತೀಯ ಜನತಾ ಪಕ್ಷವು ಈ ನಡಿಗೆಯನ್ನು ಒಂದು ಪದ್ಧತಿಯನ್ನಾಗಿ ಮಾಡಿದೆ. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬ ಮುಖಂಡ, ಅವನಿಗೆ ಪೇಜ್ ಪ್ರಮುಖ್ ಎಂದು ಹೆಸರು. ಪುಟದಲ್ಲಿ ಬರುವ ಕೆಲವೇ ಮನೆಗಳಿಗೆ ಅವನೇ ಜವಾಬ್ದಾರ. ಯಾರು ಊರಲ್ಲಿದ್ದಾರೆ, ಯಾರು ಬೆಂಗಳೂರಿಗೆ ಹೋಗಿದ್ದಾರೆ, ಯಾರು ಮುನಿಸಿಕೊಂಡಿದ್ದಾರೆ ಎಂಬುದು ಅವನಿಗೆ ಗೊತ್ತಿರಬೇಕು. ಕಾಂಗ್ರೆಸ್ಸು 2023ರಲ್ಲಿ ಬೇರೆ ದಾರಿ ಹಿಡಿಯಿತು. ಸಿದ್ದರಾಮಯ್ಯ, ಡಿ. ಕೆ. ಶಿವಕುಮಾರರ ಸಹಿಯಿದ್ದ ಗ್ಯಾರಂಟಿ ಕಾರ್ಡನ್ನು ಮನೆಮನೆಗೆ ಹಂಚಿತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತು, ಇತ್ಯಾದಿ. ನಾಲ್ಕಾಣೆಯನ್ನು ಕೊಟ್ಟು ರಸೀದಿ ಪಡೆಯುತ್ತಿದ್ದ ಕಾಲ ಹೋಗಿ, ಪಕ್ಷವೇ ಮತದಾರನಿಗೆ ರಸೀದಿ ಬರೆದುಕೊಡುವ ಕಾಲ ಬಂತು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ರಸೀದಿ ಕೈಯಲ್ಲಿದ್ದರೆ ಕೇಳುವ ಹಕ್ಕಾದರೂ ಉಳಿಯುತ್ತದೆ.

ಹಣವಿಲ್ಲದ ಪಕ್ಷ ಬರಿಯ ಕಾಲ್ನಡಿಗೆಯಿಂದ ಏನನ್ನು ಸಾಧಿಸಬಲ್ಲದೆಂಬುದಕ್ಕೂ ಕೊಳ್ಳೇಗಾಲದಲ್ಲಿ ಉದಾಹರಣೆಯಿದೆ. 1984ರಲ್ಲಿ ಕಾನ್ಶಿರಾಮರು ಸ್ಥಾಪಿಸಿದ ಬಹುಜನ ಸಮಾಜ ಪಕ್ಷದ ಬಲವೆಲ್ಲ ಇದ್ದುದು ಕಾರ್ಯಕರ್ತರ ಶಿಬಿರಗಳಲ್ಲಿ, ಸೈಕಲ್ಲಿನ ಮೇಲೆ ಊರೂರು ಸುತ್ತುವುದರಲ್ಲಿ. ಎನ್. ಮಹೇಶ್ ಹಲವು ಸಲ ಸೋತರೂ ಬಿಡದೆ 2018ರಲ್ಲಿ ಆನೆಯ ಗುರುತಿನಿಂದ ಕೊಳ್ಳೇಗಾಲವನ್ನು ಗೆದ್ದು ಮಂತ್ರಿಯೂ ಆದರು. ಮಾರನೆಯ ವರ್ಷ ವಿಶ್ವಾಸಮತದ ದಿನ ಸದನಕ್ಕೆ ಬಾರದ್ದರಿಂದ ಪಕ್ಷ ಅವರನ್ನು ಹೊರಹಾಕಿತು. 2021ರಲ್ಲಿ ಅವರು ಭಾರತೀಯ ಜನತಾ ಪಕ್ಷವನ್ನು ಸೇರಿದರು. ವರ್ಷಾನುಗಟ್ಟಲೆ ಶಿಬಿರಗಳಲ್ಲಿ ಕುಳಿತು ಕಟ್ಟಿದ ಕಾರ್ಯಕರ್ತರಿಗೆ ಆ ದಿನಗಳು ಹೇಗಿದ್ದಿರಬೇಕು! ಕಟ್ಟಲು ದಶಕಗಳು ಬೇಕು, ಕಳಚಲು ಒಂದು ಸಂಜೆ ಸಾಕು.

ಇನ್ನು ಜಾತಿಯ ಲೆಕ್ಕ. ಅದನ್ನು ಎಲ್ಲ ಪಕ್ಷಗಳೂ ಮಾಡುತ್ತವೆ, ಯಾವ ಪಕ್ಷವೂ ಒಪ್ಪಿಕೊಳ್ಳುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಕಾಡಿನ ಈಚೆ, ಕಾಡಿನ ಆಚೆ

ದೊಡ್ಡವರು ಬರುವುದೂ ಈ ದಾರಿಯಲ್ಲಿಯೇ. 2022ರ ಸೆಪ್ಟೆಂಬರ್ 30ರಂದು ರಾಹುಲ್ ಗಾಂಧಿಯವರ ಭಾರತ ಜೋಡೋ ಯಾತ್ರೆ ತಮಿಳುನಾಡಿನ ಗೂಡಲೂರಿನ ಕಡೆಯಿಂದ ಬಂದು ಕರ್ನಾಟಕವನ್ನು ಪ್ರವೇಶಿಸಿದ್ದು ಗುಂಡ್ಲುಪೇಟೆಯಲ್ಲಿ. 2023ರ ಏಪ್ರಿಲ್ 9ರಂದು, ಹುಲಿ ಯೋಜನೆಗೆ 50 ವರ್ಷ ತುಂಬಿದ ಸಂದರ್ಭದಲ್ಲಿ, ಪ್ರಧಾನಿ ನರೇಂದ್ರ ಮೋದಿಯವರು ಟೋಪಿ ಧರಿಸಿ ತೆರೆದ ಜೀಪಿನಲ್ಲಿ ಬಂಡೀಪುರವನ್ನು ಸುತ್ತಿದರು. ವಿಧಾನಸಭೆಯ ಚುನಾವಣೆಗೆ ಆಗ ಒಂದೇ ತಿಂಗಳು ಉಳಿದಿತ್ತು. ಚಿತ್ರಗಳು ದೇಶವನ್ನೆಲ್ಲ ಸುತ್ತಿಬಂದವು. ಜಿಲ್ಲೆಯ ನಾಲ್ಕು ಸ್ಥಾನಗಳಲ್ಲಿ ಮೂರು ಕಾಂಗ್ರೆಸ್ಸಿಗೆ, ಹನೂರು ಜಾತ್ಯತೀತ ಜನತಾದಳಕ್ಕೆ ಹೋದವು. ಚಿತ್ರದಿಂದ ಮತ ಬರುತ್ತದೆಯೋ ಇಲ್ಲವೋ, ಹುಲಿಗಂತೂ ಮತವಿಲ್ಲ.

ಹುಲಿಗೆ ಮತವಿಲ್ಲದಿದ್ದರೂ ಅದರ ನೆರೆಯವರಿಗಿದೆ. ಇಲ್ಲಿ ಪಕ್ಷಗಳ ಧರ್ಮಸಂಕಟವನ್ನು ನೋಡಬೇಕು. ಬಂಡೀಪುರದ ಮೂಲಕ ವಯನಾಡಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರವನ್ನು ನಿಲ್ಲಿಸಿದುದು 2009ರಲ್ಲಿ, ಚಕ್ರಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳನ್ನು ಉಳಿಸಲೆಂದು. ಕಾಡಿನ ಆಚೆಯ ವಯನಾಡಿನಲ್ಲಿ ಈ ನಿಷೇಧವನ್ನು ತೆಗೆಯಬೇಕೆಂಬುದು ಎಲ್ಲ ಪಕ್ಷಗಳ ಒಕ್ಕೊರಲಿನ ಬೇಡಿಕೆ. 2019ರ ಅಕ್ಟೋಬರಿನಲ್ಲಿ ಆಗ ವಯನಾಡಿನ ಸಂಸದರಾಗಿದ್ದ ರಾಹುಲ್ ಗಾಂಧಿಯವರು ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಕುಳಿತವರ ಬಳಿಗೆ ಹೋಗಿ ಬೆಂಬಲ ಹೇಳಿದರು. ಕಾಡಿನ ಈಚೆ, ಮೈಸೂರಿನ ಕಡೆಯಲ್ಲಿ, ನಿಷೇಧ ಇರಲೇಬೇಕೆಂದು ಹೋರಾಡಿದವರೂ ಬಹಳ. ಒಂದೇ ಪಕ್ಷ, ಒಂದೇ ರಸ್ತೆ; ಗಡಿಯ ಗೇಟಿನ ಎರಡು ಬದಿಗೆ ಎರಡು ಮಾತು. ರಾಜ್ಯಗಳ ಗಡಿಯಲ್ಲಿ ವಾಸಿಸುವವರು ಮಾತ್ರ ಎರಡನ್ನೂ ಕೇಳಿಸಿಕೊಳ್ಳುತ್ತಾರೆ.

ಕಾಡಂಚಿನ ರೈತನಿಗೆ ಇದಕ್ಕಿಂತ ಹತ್ತಿರದ ಚಿಂತೆಗಳಿವೆ. ಬೆಳೆಗೆ ಆನೆ, ಕೊಟ್ಟಿಗೆಗೆ ಹುಲಿ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು ಹುಲಿಯನ್ನು ಹಿಡಿಯಲೆಂದು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದು ತಪ್ಪೆಂಬುದರಲ್ಲಿ ಸಂಶಯವಿಲ್ಲ. ಆದರೆ ಊರಿನ ದೂರನ್ನು ಹೊತ್ತು ಮೇಲಕ್ಕೆ ಮುಟ್ಟಿಸಬೇಕಾದವರು ಅಷ್ಟು ಪಕ್ಷಗಳಲ್ಲಿ ಅಷ್ಟು ಹಂತಗಳಲ್ಲಿ ಇರುವಾಗ, ಮಾತು ಬೋನಿನವರೆಗೆ ಹೇಗೆ ಹೋಯಿತು?

ಇಂಡಿಗನತ್ತ

ಒಬ್ಬ ಮತದಾರನೂ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂಬುದು ಚುನಾವಣಾ ಆಯೋಗದ ಸಂಕಲ್ಪ. ಆದ್ದರಿಂದ ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತದಂಥ ಊರಿಗೂ ಯಂತ್ರವನ್ನು ಹೊತ್ತು ಅಧಿಕಾರಿಗಳು ಹೋಗುತ್ತಾರೆ. ಹನೂರು ತಾಲ್ಲೂಕಿನ ಈ ಊರಿನವರು ರಸ್ತೆ, ನೀರು, ವಿದ್ಯುತ್ತು ಕೇಳಿ ಕೇಳಿ ಬೇಸತ್ತು 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರಂದು ಅಧಿಕಾರಿಗಳು ಮನವೊಲಿಸಲು ಹೋದಾಗ, ಪಕ್ಕದ ಮೆಂದಾರೆಯ ಕೆಲವರು ಮತ ಹಾಕಲು ಬಂದಾಗ, ಜಗಳ ಹತ್ತಿಕೊಂಡು ಮತಗಟ್ಟೆ ಧ್ವಂಸವಾಯಿತು. ಯಂತ್ರ ಒಡೆಯಿತು, ಮೊಕದ್ದಮೆಗಳಾದವು, ಬಂಧನದ ಭಯಕ್ಕೆ ಜನ ಕಾಡು ಸೇರಿದರು.

ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್, ಮಂತ್ರಿ ಎಚ್. ಸಿ. ಮಹದೇವಪ್ಪನವರ ಮಗ, ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಒಂದು ಮತಕ್ಕೆ ಶಾಸಕನ ಸ್ಥಾನವೇ ತೂಗಿದ್ದ ಅದೇ ಜಿಲ್ಲೆಯಲ್ಲಿ, ಇಂಡಿಗನತ್ತದ ಕೆಲವು ನೂರು ಮತಗಳು ಬಂದರೂ ಬಾರದಿದ್ದರೂ ಯಾರ ಲೆಕ್ಕವೂ ಏರುಪೇರಾಗುವಂತಿರಲಿಲ್ಲ. ಹಾಳೆಗೊಬ್ಬ, ಮನೆಗೊಂದು ಕಾರ್ಡು, ಎಲ್ಲವೂ ಹೊರಡುವುದು ಲೆಕ್ಕದಿಂದಲೇ ಆದುದರಿಂದ, ಲೆಕ್ಕಕ್ಕೆ ಬೇಡದ ಊರಿನ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಯಾವ ಚುನಾವಣೆಯಲ್ಲಿ ಯಾವ ಊರಿನ ಯಾವ ಮತ ಕೊನೆಯದಾಗುವುದೋ ಎಂಬುದು ಮಾತ್ರ ಎಣಿಕೆಯ ಸಂಜೆಯವರೆಗೆ ಯಾರಿಗೂ ತಿಳಿಯದು, ಸಂತೆಮರಹಳ್ಳಿಯಲ್ಲಿ ತಿಳಿದಿರಲಿಲ್ಲ.

ಏಪ್ರಿಲ್ 29ರಂದು ಇಂಡಿಗನತ್ತದಲ್ಲಿ ಮರುಮತದಾನವಾಯಿತು. ಅಧಿಕಾರಿಗಳು ಮತ್ತೊಂದು ಯಂತ್ರವನ್ನು ತಂದು, ಮೈಸೂರಿನ ಶಾಯಿಯ ಸೀಸೆಯನ್ನು ಮೇಜಿನ ಮೇಲಿಟ್ಟುಕೊಂಡು ಬೆಳಗಿನಿಂದ ಕಾದು ಕುಳಿತರು. ಬಂದವರು ಕೆಲವರೇ.